ಕೊನೆಯ ಪಾಠದಲ್ಲಿ ಸಿಗುವ ಅಮ್ಮ

ಹೊರನಾಡಿನ ಕನ್ನಡಿಗರು ನಾಲ್ಕು ಜನ ಒಂದೆಡೆ ಸೇರಿದರೆ ಮಾತು ಸುತ್ತಿ ಬಳಸಿ ಮಕ್ಕಳ ಕನ್ನಡಕ್ಕೆ ಬಂದು ನಿಲ್ಲುತ್ತದೆ. “ಮಾತಾಡ್ತಾರೆ, ಓದೋಕೆ ಮಾತ್ರ ಬರೋಲ್ಲ” ಎಂಬ ವಾಕ್ಯವನ್ನು ನಾವು ನಾಗಪುರದಲ್ಲಿಯೂ ಕೇಳಿದ್ದೆವು, ಈಗ ಹೈದರಾಬಾದಿನಲ್ಲಿಯೂ ಕೇಳುತ್ತಿದ್ದೇವೆ. ಆ ಮಾತಿನಲ್ಲಿ ಕೊರಗಿಗಿಂತ ಸಮಾಧಾನವೇ ಹೆಚ್ಚಾಗಿರುತ್ತದೆ. ಮಾತು ಉಳಿದಿದೆಯಲ್ಲ, ಅಕ್ಷರ ಇಲ್ಲದಿದ್ದರೇನು ಎಂಬ ಧಾಟಿ. ಓದು ಇಲ್ಲದ ಮಾತಿಗೆ ಹೊರನಾಡಿನಲ್ಲಿ ಆಯುಷ್ಯ ಕಡಿಮೆ ಎಂಬುದು ನಮ್ಮ ಅನಿಸಿಕೆ. ಹೊಲದ, ಸಂತೆಯ, ಓಣಿಯ ಕನ್ನಡ ಕಿವಿಗೆ ಬೀಳದ ಊರಿನಲ್ಲಿ ಮಗುವಿಗೆ ಹೊಸ ಮಾತು ಸಿಗುವುದು ಒಂದೋ ಅಜ್ಜಿಯಿಂದ, ಇಲ್ಲವೇ ಪುಸ್ತಕದಿಂದ. ಅಜ್ಜಿಯರು ಬಹುಕಾಲ ಇರುವುದಿಲ್ಲ.

‘ನಾವು’ ಎಂದರೆ ಗಂಡ ಹೆಂಡತಿ ಇಬ್ಬರೂ. ಧಾರವಾಡದವರು, ಇಬ್ಬರೂ ಕೇಂದ್ರ ಸರ್ಕಾರದ ಬೇರೆ ಬೇರೆ ಇಲಾಖೆಗಳಲ್ಲಿ ದುಡಿಯುವವರು. ವರ್ಗಾವಣೆಯ ಆದೇಶ ಬಂದಾಗ ನಮ್ಮ ಮನೆಯಲ್ಲಿ ಮೊದಲು ಕೇಳುವ ಪ್ರಶ್ನೆ, ಆ ಊರಿನ ಶಾಲೆಯಲ್ಲಿ ಯಾವ ಯಾವ ಭಾಷೆ ಕಲಿಯಬೇಕು ಎಂಬುದು. ಮಗಳಿಗೆ ಈಗ ಒಂಬತ್ತು ವರ್ಷ, ಮಗನಿಗೆ ಐದು. ಈ ಬರಹ ಅವರಿಬ್ಬರಿಗೂ ಮನೆಯಲ್ಲಿ ಕನ್ನಡದ ಓದು ಹೇಗೆ ಹತ್ತಿತು, ಎಲ್ಲೆಲ್ಲಿ ಹತ್ತಲಿಲ್ಲ ಎಂಬುದರ ಬಗ್ಗೆ. ನಾವು ಶಿಕ್ಷಣ ತಜ್ಞರಲ್ಲ. ನಮ್ಮಲ್ಲಿ ಒಬ್ಬರು ಇಂಗ್ಲಿಷ್ ಎಂ.ಎ. ಮಾಡಿದ್ದು ಈ ಕೆಲಸದಲ್ಲಿ ನೆರವಾಗಿದ್ದಕ್ಕಿಂತ ದಾರಿ ತಪ್ಪಿಸಿದ್ದೇ ಹೆಚ್ಚು ಎಂದು ಮನೆಯ ಇನ್ನೊಬ್ಬರ ದೂರು. ಅದು ಪೂರ್ತಿ ಸುಳ್ಳಲ್ಲ.

ತೆಲಂಗಾಣದಲ್ಲಿ 2018ರ ಕಾಯ್ದೆಯಂತೆ ಶಾಲೆಗಳಲ್ಲಿ ತೆಲುಗು ಕಡ್ಡಾಯ. ಅದು ನ್ಯಾಯವೇ. ಈ ನೆಲದ ಅನ್ನ ತಿನ್ನುವವರು ಈ ನೆಲದ ಭಾಷೆ ಕಲಿಯಲೇಬೇಕು. ಇಂಗ್ಲಿಷ್ ಬೋಧನ ಮಾಧ್ಯಮ. ಹಿಂದಿ ತಾನಾಗಿಯೇ ಬಂದು ಸೇರುತ್ತದೆ. ಕನ್ನಡಕ್ಕೆ ಉಳಿಯುವುದು ಊಟವಾದ ಮೇಲಿನ ಕಾಲು ಗಂಟೆ. ರಾಷ್ಟ್ರೀಯ ಶಿಕ್ಷಣ ನೀತಿ 2020, ಮೂರರಿಂದ ಎಂಟು ವರ್ಷದವರೆಗಿನ ಹಂತವನ್ನು ಬುನಾದಿ ಎಂದು ಕರೆದು, ಸಾಧ್ಯವಾದಲ್ಲೆಲ್ಲ ಮನೆಮಾತಿನಲ್ಲಿ ಕಲಿಸಬೇಕೆಂದು ಹೇಳಿತು. ಮರುವರ್ಷ ನಿಪುಣ್ ಭಾರತ್ ಯೋಜನೆ ಬಂದು, ಮೂರನೆಯ ತರಗತಿ ಮುಗಿಯುವ ಹೊತ್ತಿಗೆ ಪ್ರತಿ ಮಗುವೂ ಅರ್ಥವರಿತು ಓದುವಂತಾಗಬೇಕೆಂಬ ಗುರಿ ಇಟ್ಟುಕೊಂಡಿತು. ಸುತ್ತೋಲೆಗಳ ಭಾಷೆ ನಮಗೆ ಅನ್ನದ ಭಾಷೆ. ‘ಸಾಧ್ಯವಾದಲ್ಲೆಲ್ಲ’ ಎಂಬ ಪದದ ತೂಕ ಎಷ್ಟೆಂಬುದು ಚೆನ್ನಾಗಿ ಗೊತ್ತು. ಹೈದರಾಬಾದಿನ ಖಾಸಗಿ ಶಾಲೆಯೊಂದರಲ್ಲಿ ಓದುವ ಧಾರವಾಡದ ಮಗುವಿನ ಮನೆಮಾತು ಆ ‘ಎಲ್ಲೆಲ್ಲ’ದೊಳಗೆ ಬರುವುದಿಲ್ಲ. ಬರಬೇಕೆಂದು ಬಯಸುವುದೂ ಅತಿಯಾದೀತು. ಹಾಗಾಗಿ ನಮ್ಮ ಪಾಲಿಗೆ ಬುನಾದಿ ಹಂತವೆಂದರೆ ಅಡುಗೆಮನೆ, ಹಜಾರ ಮತ್ತು ಬಸ್ ನಿಲ್ದಾಣ.

ಮಗಳಿಗೆ ನಾಲ್ಕು ತುಂಬಿದ ವರ್ಷ ವಸಂತ ಪಂಚಮಿಗೆ ಬಾಸರಕ್ಕೆ ಹೋಗಿದ್ದೆವು. ಗೋದಾವರಿಯ ದಂಡೆಯ ಆ ಸರಸ್ವತಿಯ ಸನ್ನಿಧಿಯಲ್ಲಿ ಅಕ್ಷರಾಭ್ಯಾಸ ಮಾಡಿಸಲು ತೆಲುಗು ನಾಡಿನ ಮೂಲೆ ಮೂಲೆಗಳಿಂದ ತಂದೆತಾಯಿಗಳು ಮಕ್ಕಳನ್ನೂ ಸ್ಲೇಟನ್ನೂ ಹೊತ್ತು ಬರುತ್ತಾರೆ. ಜೊತೆಗೆ ಬಂದಿದ್ದ ಅಜ್ಜಿಗೆ ಒಂದೇ ಚಿಂತೆ: “ಇವರು ತೆಲುಗಿನ್ಯಾಗ ಬರಸ್ತಾರ, ನಮ್ಮ ಕೂಸಿಗೆ ಕನ್ನಡದಾಗ ಶುರು ಆಗಬೇಕು.” ಪುರೋಹಿತರು ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ‘ಓಂ’ ಬರೆಯಿಸಿದರು. ಅಜ್ಜಿ ಬಗ್ಗಿ ನೋಡಿದರು. ತೆಲುಗಿನ ಓಂಕಾರಕ್ಕೂ ಕನ್ನಡದ ಓಂಕಾರಕ್ಕೂ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ. “ಇದು ನಮ್ಮದ ಐತಲ್ಲ” ಎಂದು ಅವರು ನೆಮ್ಮದಿಯಾದರು. ಅಕ್ಷರಮಾಲೆಗೆ ತೆಲುಗಿನವರು ‘ಓನಮಾಲು’ ಎನ್ನುತ್ತಾರೆ, ನಮ್ಮ ಕಡೆ ವಿದ್ಯಾರಂಭಕ್ಕೆ ‘ಓನಾಮ’ ಎಂಬ ಮಾತಿದೆ. ಒಂದೇ ಬೇರಿನ ಎರಡು ಚಿಗುರು.

ಶುರುವಾಯಿತು ಸರಿ, ಮುಂದೆ? ಮಾರುಕಟ್ಟೆಯಲ್ಲಿ ಸಿಗುವ ಬಣ್ಣದ ತಖ್ತೆಯನ್ನು ಗೋಡೆಗೆ ಅಂಟಿಸಿ, ಅ ಅರಸ, ಆ ಆನೆ ಎಂದು ಹೇಳಿಸುವುದು ಎಲ್ಲರೂ ತುಳಿಯುವ ದಾರಿ. ಕನ್ನಡದ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49 ಅಕ್ಷರ ಎಂದು ನಾವೆಲ್ಲ ಕಂಠಪಾಠ ಮಾಡಿದವರೇ. ಆದರೆ ಓದುವ ಮಗುವಿನ ಕಣ್ಣಿಗೆ ಬೀಳುವುದು 49 ಆಕೃತಿಗಳಲ್ಲ. 34 ವ್ಯಂಜನಗಳಿಗೆ 13 ಸ್ವರಗಳನ್ನು ಜೋಡಿಸಿದರೆ 442 ರೂಪಗಳಾಗುತ್ತವೆ. ಒತ್ತಕ್ಷರಗಳ ಲೆಕ್ಕ ಬೇರೆ. ಇಂಗ್ಲಿಷಿನ ಮಗು 26 ಆಕೃತಿಗಳನ್ನು ಬೇಗ ಕಲಿತು, ಆಮೇಲೆ ಅವು ಪದದಲ್ಲಿ ಮಾಡುವ ಮೋಸಗಳನ್ನು ಕಲಿಯಲು ವರ್ಷಗಟ್ಟಲೆ ತಿಣುಕುತ್ತದೆ. ನಮ್ಮ ಅಕ್ಷರ ಮೋಸ ಮಾಡುವುದಿಲ್ಲ. ‘ಕಿ’ ಎಲ್ಲಿದ್ದರೂ ‘ಕಿ’. ಆದರೆ ಅದರ ಸಂಸಾರ ದೊಡ್ಡದು. ಕನ್ನಡ ಮಕ್ಕಳ ಆರಂಭಿಕ ಓದಿನ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಓದಿದ ದಿನ ನಮ್ಮ ಮನೆಯಲ್ಲಿ ಹಬ್ಬದ ವಾತಾವರಣವೇ ಇತ್ತು. ಕನ್ನಡದ ಅಕ್ಷರಗಳನ್ನು ಕೈವಶ ಮಾಡಿಕೊಳ್ಳಲು ಮಕ್ಕಳಿಗೆ ಇಂಗ್ಲಿಷ್ ವರ್ಣಮಾಲೆಗಿಂತ ಬಹಳ ಹೆಚ್ಚು ಕಾಲ ಬೇಕು, ಅದು ಪ್ರಾಥಮಿಕ ಶಾಲೆಯ ವರ್ಷಗಳುದ್ದಕ್ಕೂ ನಡೆಯುವ ಕೆಲಸ ಎಂದು ಅವರು ತೋರಿಸಿದ್ದರು. ಕನ್ನಡ ಶಾಲೆಯಲ್ಲಿ ಕುಳಿತು ಕಲಿಯುವ ಮಕ್ಕಳಿಗೇ ಹೀಗಾದರೆ, ದಿನಕ್ಕೆ ಕಾಲು ಗಂಟೆಯ ನಮ್ಮ ಮಗಳು ಹಿಂದುಳಿದಿದ್ದಾಳೆಂದು ನಾವು ಹಲುಬುವುದಕ್ಕೆ ಅರ್ಥವಿರಲಿಲ್ಲ.

ಹಲುಬುವುದು ನಿಂತ ಮೇಲೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಮಗು ಹುಟ್ಟಿದ ಮೇಲೆ ಮೊದಲು ಆಡುವ ಮಾತುಗಳನ್ನು ಬರೆದು ನೋಡಿ: ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅಜ್ಜಿ, ಅತ್ತೆ, ತಮ್ಮ. ಒಂದಕ್ಕೂ ಒತ್ತಕ್ಷರ ತಪ್ಪಿಲ್ಲ. ಮಾವನೂ ತಂಗಿಯೂ ಮಾತ್ರ ಹೇಗೋ ಪಾರಾಗಿದ್ದಾರೆ. ನಮ್ಮ ಓದಿನ ಕ್ರಮವೋ, ಮೊದಲು ಸ್ವರ, ಆಮೇಲೆ ವ್ಯಂಜನ, ಆಮೇಲೆ ಕಾಗುಣಿತ, ಎಲ್ಲ ಮುಗಿದ ಮೇಲೆ ಒತ್ತಕ್ಷರ. ‘ಙ’ ಮತ್ತು ‘ಞ’ಗಳನ್ನು ದಾಟಿ, ‘ಋ ಋಷಿ’ಯನ್ನು ನಮಸ್ಕರಿಸಿ, ‘ಔ ಔಷಧ’ವನ್ನು ಕುಡಿದು ಬಂದರೂ ಮಗು ತನ್ನ ಅಮ್ಮನನ್ನು ಓದಲಾರದು. ಅದರಲ್ಲೂ ಅಮ್ಮನ ಗತಿ ಇನ್ನೂ ಕಷ್ಟದ್ದು. ಅಪ್ಪ, ಅಕ್ಕ, ಅಣ್ಣಂದಿರ ಒತ್ತುಗಳು ಮೂಲ ಅಕ್ಷರವೇ ತಲೆಕಟ್ಟು ಕಳೆದುಕೊಂಡು ಚಿಕ್ಕದಾಗಿ ಕೆಳಗೆ ಕುಳಿತ ರೂಪಗಳು. ನೋಡಿದರೆ ಗುರುತು ಹತ್ತುತ್ತದೆ. ತ, ನ, ಮ, ಯ, ರ, ಲ, ಈ ಆರರ ಒತ್ತುಗಳಿಗೆ ಮಾತ್ರ ಬೇರೆಯೇ ಆಕಾರ. ‘ಅಮ್ಮ’ದ ಅಡಿಯಲ್ಲಿರುವ ಮ-ಒತ್ತು ‘ಮ’ದಂತೆ ಕಾಣುವುದೇ ಇಲ್ಲ.

ಕ್ರಮಕ್ಕೆ ಕಟ್ಟುಬೀಳಬೇಕಾಗಿಲ್ಲ ಎಂಬುದು ಕರ್ನಾಟಕದ ಶಾಲೆಗಳಿಗೆ ಹಳೆಯ ಸುದ್ದಿ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊದಲಾದ ನಲಿ-ಕಲಿಯ ಮಕ್ಕಳು ‘ಅ’ದಿಂದ ಹೊರಡುವುದಿಲ್ಲ, ರ, ಗ, ಸ, ದ, ಅ ಎಂಬ ಐದಕ್ಷರಗಳ ಗುಂಪಿನಿಂದ ಹೊರಡುತ್ತಾರೆ. ಆ ಐದರಿಂದಲೇ ಸರ, ರಸ, ದರ, ಅಗಸ, ಅರಸ ಎಂದು ಪದಗಳು ಏಳುತ್ತವೆ. ಮೊದಲ ವಾರದಲ್ಲಿಯೇ ಮಗು ಏನನ್ನೋ ‘ಓದಿದೆ’. ವರ್ಣಮಾಲೆಯ ವೈಜ್ಞಾನಿಕ ಜೋಡಣೆಯ ಬಗ್ಗೆ ನಮಗೆ ಬೇಕಾದಷ್ಟು ಹೆಮ್ಮೆಯಿದೆ. ಕಂಠ್ಯ, ತಾಲವ್ಯ, ಮೂರ್ಧನ್ಯ ಎಂದು ಬಾಯಿಯ ಹಿಂದಿನಿಂದ ಮುಂದಕ್ಕೆ ನಡೆದು ಬರುವ ಆ ಕ್ರಮ ಮನುಷ್ಯನ ದೊಡ್ಡ ಸಾಧನೆಗಳಲ್ಲಿ ಒಂದು. ಆದರೆ ಅದು ವ್ಯಾಕರಣಕಾರನ ಕ್ರಮ. ನಾಲ್ಕು ವರ್ಷದ ಮಗುವಿಗೆ ಬೇಕಾದದ್ದು ಸಂಸಾರದ ಕ್ರಮ. ನಾವು ನಲಿ-ಕಲಿಯ ಜಾಡನ್ನೇ ಹಿಡಿದು, ಅದಕ್ಕೆ ನಮ್ಮದೊಂದು ಗುಂಪು ಸೇರಿಸಿದೆವು. ಅಮ್ಮ, ಅಪ್ಪ, ಅಕ್ಕ, ಅಜ್ಜಿ, ಇವನ್ನು ಬಿಡಿಸಿ ಹೇಳದೆ, ಚಿತ್ರವನ್ನು ಗುರುತಿಸುವಂತೆ ಇಡಿಯಾಗಿ ಗುರುತಿಸುವುದು. ಊಟದ ತಟ್ಟೆಗಳ ಕೆಳಗೆ ಚೀಟಿ. ಯಾರ ತಟ್ಟೆ ಯಾರದೆಂದು ಮಗನೇ ಹಂಚಬೇಕು. ಇಡೀ ಪದವನ್ನು ನೋಡಿ ಕಲಿಯುವುದೇ ಸರಿಯೆ, ಧ್ವನಿ ಬಿಡಿಸಿ ಕಲಿಯುವುದೇ ಸರಿಯೆ ಎಂದು ಇಂಗ್ಲಿಷಿನವರು, 1955ರಲ್ಲಿ ರುಡಾಲ್ಫ್ ಫ್ಲೆಶ್ ಜಾನಿಗೆ ಓದಲು ಏಕೆ ಬಾರದು ಎಂದು ಪುಸ್ತಕ ಬರೆದಾಗಿನಿಂದ, ಕುಸ್ತಿ ಹಿಡಿದಿದ್ದಾರೆ. ನಮ್ಮ ಊಟದ ಮನೆಯಲ್ಲಿ ಎರಡೂ ಪಂಗಡಗಳು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವು.

ಪುಸ್ತಕಕ್ಕಿಂತ ಮೊದಲು ಮಗನಿಗೆ ಓದಿನ ರುಚಿ ಹತ್ತಿದ್ದು ಮಹಾತ್ಮ ಗಾಂಧಿ ಬಸ್ ನಿಲ್ದಾಣದಲ್ಲಿ. ಅಲ್ಲಿಗೆ ಕಲ್ಯಾಣ ಕರ್ನಾಟಕದ ಬಸ್ಸುಗಳು ಬಂದು ನಿಲ್ಲುತ್ತವೆ, ಹಣೆಯ ಮೇಲೆ ಕನ್ನಡದ ಬೋರ್ಡು ಹೊತ್ತು. ಯಾರನ್ನೋ ಕರೆತರಲು ಹೋಗಿ ಕಾಯುವಾಗ ಹೊಳೆದದ್ದು ಇದು: ಆ ಊರುಗಳ ಹೆಸರುಗಳನ್ನು ಯಾರೋ ಪಠ್ಯಪುಸ್ತಕಕ್ಕೆಂದೇ ಕ್ರಮವಾಗಿ ಜೋಡಿಸಿಟ್ಟಂತಿದೆ. ‘ಬೀದರ’ ಮೂರೇ ಅಕ್ಷರ, ಒಂದೇ ಗುಣಿತ. ‘ಕಲಬುರಗಿ’ ಐದು ಅಕ್ಷರ, ಎರಡು ಗುಣಿತ, ಒತ್ತಿನ ಕಾಟವಿಲ್ಲ. ‘ರಾಯಚೂರು’ವಿನಲ್ಲಿ ದೀರ್ಘಗಳು. ‘ಬೆಂಗಳೂರು’ವಿನಲ್ಲಿ ಸೊನ್ನೆ. ‘ಬಳ್ಳಾರಿ’ಯಲ್ಲಿ ಒಂದು ಒತ್ತು. ‘ಹುಬ್ಬಳ್ಳಿ’ಯಲ್ಲಿ ಎರಡು. ‘ಬಸವಕಲ್ಯಾಣ’ಕ್ಕೆ ಬಂದರೆ ಬೇರೆ ಜಾತಿಯ ಒತ್ತು, ಲ-ಕಾರಕ್ಕೆ ಯ-ಕಾರ. ತಿಂಗಳಿಗೆ ಒಂದೆರಡು ಭಾನುವಾರ ಅಲ್ಲಿಗೆ ಹೋಗಿ ಅರ್ಧ ಗಂಟೆ ನಿಂತು ಬರುವುದು ವಾಡಿಕೆಯಾಯಿತು. ಬಸ್ಸು ಹೊರಡುವ ಮೊದಲು ಬೋರ್ಡು ಓದಿ ಮುಗಿಸಬೇಕೆಂಬ ಪಂದ್ಯ. ಒಂದು ದಿನ ಮಗನು ಬಾಗಿಲಲ್ಲಿ ನಿಂತಿದ್ದ ನಿರ್ವಾಹಕರಿಗೆ “ಮಾಮಾ, ಇದು ಬೀದರಕ್ಕ ಹೋಗತದ” ಎಂದು ತಿಳಿವಳಿಕೆ ನೀಡಿದ. ಅವರು ಗಂಭೀರವಾಗಿ, “ಹೌದೇನಪ್ಪಾ? ಛಲೋ ಆತು ನೀ ಹೇಳಿದ್ದು, ಇಲ್ಲಂದ್ರ ನಾ ರಾಯಚೂರಿಗೆ ಒಯ್ತಿದ್ದೆ” ಎಂದರು. ಆ ಮಾತಿಗೆ ಹುಡುಗ ಒಂದು ವಾರ ಉಬ್ಬಿಹೋಗಿದ್ದ. ಎಷ್ಟೋ ಸಾವಿರ ರೂಪಾಯಿ ಕೊಟ್ಟು ತರುವ ಕಲಿಕೆಯ ಆ್ಯಪುಗಳಲ್ಲಿ ಈ ನಿರ್ವಾಹಕರು ಸಿಗುವುದಿಲ್ಲ. ಆ್ಯಪುಗಳ ಬಗ್ಗೆ ನಾವು ಹೇಳುವುದು ಇಷ್ಟೇ.

ಹೈದರಾಬಾದಿನಲ್ಲಿ ಕನ್ನಡ ಕಲಿಸುವವರಿಗೆ ತೆಲುಗು ಒಂದು ವರವೂ ಹೌದು, ಒಂದು ತೊಡಕೂ ಹೌದು. ಎರಡು ಲಿಪಿಗಳೂ ಒಂದೇ ತಾಯಿಯ ಮಕ್ಕಳು. ಕೆಲವು ಶತಮಾನಗಳ ಹಿಂದಿನವರೆಗೂ ಬೇರೆ ಬೇರೆಯಾಗಿ ತೋರುತ್ತಿರಲಿಲ್ಲ. ನಮ್ಮ ಅಕ್ಷರಗಳ ತಲೆಯ ಮೇಲೆ ಚಪ್ಪಟೆಯಾದ ಗೆರೆ, ಅವರ ಅಕ್ಷರಗಳ ತಲೆಯ ಮೇಲೆ ಪರೀಕ್ಷಕರು ಹಾಕುವ ‘ಸರಿ’ ಗುರುತು. ಶಾಲೆಯಲ್ಲಿ ತೆಲುಗು ಕಲಿಯುತ್ತಿದ್ದ ಮಗಳು ಎರಡನೆಯ ತರಗತಿಯ ಹೊತ್ತಿಗೆ ನಮ್ಮ ನೆರವಿಲ್ಲದೆಯೇ ಅರ್ಧದಷ್ಟು ಕನ್ನಡ ಅಕ್ಷರಗಳನ್ನು ಗುರುತಿಸತೊಡಗಿದ್ದಳು. ನಾವು ಗೆದ್ದೆವೆಂದುಕೊಳ್ಳುವಷ್ಟರಲ್ಲಿ ಅವಳು ‘ಸೂರ್ಯ’ ಪದವನ್ನು ‘ಸೂಯ್ರ’ ಎಂದು ಓದಿದಳು. ‘ಸರ್ಕಾರ’ ‘ಸಕ್ರಾರ’ವಾಯಿತು. ಸರ್ಕಾರಿ ನೌಕರರ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ.

ಕಾರಣ ತಿಳಿಯಲು ಅವಳ ತೆಲುಗು ವಾಚಕವನ್ನು ಪಕ್ಕದಲ್ಲಿಟ್ಟುಕೊಂಡು ಕೂತೆವು. ಇಂದಿನ ತೆಲುಗಿನಲ್ಲಿ ರ-ಕಾರ ಮೊದಲು ಬಂದರೆ ಮೊದಲೇ ಬರೆಯುತ್ತಾರೆ, ಮುಂದಿನ ವ್ಯಂಜನ ಅದರ ಕೆಳಗೆ ಒತ್ತಾಗುತ್ತದೆ; ಕೇಳಿದಂತೆಯೇ ಕಣ್ಣಿಗೂ ಕಾಣುತ್ತದೆ. ನಮ್ಮಲ್ಲಿ ಅರ್ಕಾವೊತ್ತು. ಉಚ್ಚಾರದಲ್ಲಿ ಮೊದಲು ಬರುವ ರ-ಕಾರ ಬರವಣಿಗೆಯಲ್ಲಿ ಅಕ್ಷರದ ಬೆನ್ನ ಹಿಂದೆ ಹೋಗಿ ನಿಲ್ಲುತ್ತದೆ. ಮಗು ಮಾಡಿದ್ದು ತಪ್ಪಲ್ಲ, ಎಡದಿಂದ ಬಲಕ್ಕೆ ಓದುವ ಪ್ರಾಮಾಣಿಕತೆ. “ಅರ್ಕಾವೊತ್ತು ತಡವಾಗಿ ಬಂದರೂ ಸಾಲಿನಲ್ಲಿ ಮುಂದೆ ನುಗ್ಗುವ ದೊಡ್ಡ ಮನುಷ್ಯ” ಎಂದು ಹೇಳಿಕೊಟ್ಟೆವು. ಅಂದಿನಿಂದ ಅವಳು ಆ ಗುರುತು ಕಂಡಲ್ಲೆಲ್ಲ “ಬಂದ್ರಪ್ಪಾ ದೊಡ್ಡೋರು” ಎನ್ನುತ್ತಾಳೆ. ಓದು ಸರಿಹೋಯಿತು. ರೇಷನ್ ಅಂಗಡಿಯ ಸಾಲಿನಲ್ಲಿಯೂ ಆಕೆ ಹಾಗೆಂದುಬಿಟ್ಟದ್ದು ಬೇರೆ ಮಾತು.

ವರದ ಕಡೆಗೂ ಒಂದು ಆಟವಿದೆ, ಹೈದರಾಬಾದಿನ ತಂದೆತಾಯಿಗಳು ಆಡಿ ನೋಡಬೇಕು. ತೆಲುಗಿನ ಪ-ಕಾರ ಕನ್ನಡದಲ್ಲಿ ಹ-ಕಾರವಾಗುತ್ತದೆ. ನಾವು ‘ಪಾಲು’ ಎಂದರೆ ಮಕ್ಕಳು ‘ಹಾಲು’ ಎನ್ನಬೇಕು. ಪುಲಿ–ಹುಲಿ, ಪಂದಿ–ಹಂದಿ, ಪಗಲು–ಹಗಲು, ಪುವ್ವು–ಹೂವು. ಪದದ ಮೊದಲ ಧ್ವನಿಯನ್ನು ಕಿವಿಯಿಂದ ಕಿತ್ತು ಇನ್ನೊಂದನ್ನು ನೆಡುವ ಈ ಕಸರತ್ತೇ ಓದಿನ ಅಡಿಪಾಯ ಎನ್ನುತ್ತಾರೆ ತಿಳಿದವರು. ಅಕ್ಷರ ಒಂದೂ ಬಾರದ ಮಗುವೂ ಆಡಬಹುದು. ಮಗನು ‘ಪಿಲ್ಲಿ’ಗೆ ‘ಹಿಲ್ಲಿ’ ಎಂದು ಬಿಟ್ಟ. ಬೆಕ್ಕಿಗೆ ನಮ್ಮ ಮನೆಯಲ್ಲಿ ಈಗಲೂ ಅದೇ ಹೆಸರು. ಆಮೇಲೆ ‘ಹುಸ್ತಕ’ ಬಂತು. ಇದೇ ನೆಪದಲ್ಲಿ ಮಗಳಿಗೆ ಪಂಪನ ಕಾಲದ ಕನ್ನಡದಲ್ಲಿಯೂ ಹುಲಿ ‘ಪುಲಿ’ಯಾಗಿಯೇ ಇತ್ತೆಂದು ಹೇಳಿದೆವು. “ಹಂಗಾದ್ರ ತೆಲುಗಿನವ್ರು ಹಳೇ ಹುಲಿ ಇಟ್ಕೊಂಡಾರ” ಎಂದಳು. ಭಾಷಾಶಾಸ್ತ್ರಿಗಳು ಒಪ್ಪಲಿ ಬಿಡಲಿ, ನಮಗೆ ಒಪ್ಪಿಗೆಯಾಯಿತು.

ಇಷ್ಟೆಲ್ಲ ಅಕ್ಷರದ ಮಾತಾಯಿತು. ಆದರೆ ಅಕ್ಷರ ಬಂದ ಮಾತ್ರಕ್ಕೆ ಓದು ಬರುವುದಿಲ್ಲ. ಓದಿದ ಪದ ಮಗುವಿನ ಕಿವಿಗೆ ಮೊದಲೇ ಪರಿಚಯವಾಗಿರಬೇಕು. ನಮಗೆ ನಿಜವಾದ ಕಷ್ಟ ಎದುರಾದದ್ದು ಇಲ್ಲಿ. ಮನೆಯಲ್ಲಿ ಆಡುವುದು ಧಾರವಾಡದ ಕನ್ನಡ. ಪುಸ್ತಕದಲ್ಲಿ ‘ಹೋಗುತ್ತಾಳೆ’, ಬಾಯಿಯಲ್ಲಿ ‘ಹೋಗ್ತಾಳ’. ಪುಸ್ತಕದಲ್ಲಿ ‘ಅಲ್ಲಿದೆ’, ಬಾಯಿಯಲ್ಲಿ ‘ಅಲ್ಲೈತಿ’. ಮಗಳು ಅಕ್ಷರ ಕೂಡಿಸಿ ‘ಬರುತ್ತಾನೆ’ ಎಂದು ಓದಿ ಮುಗಿಸಿ, “ಅಜ್ಜಿ, ಇದು ಯಾರ ಭಾಷಾ?” ಎಂದು ಕೇಳಿದಳು. ಕರ್ನಾಟಕದ ಮಗುವಿಗೆ ದೂರದರ್ಶನದಿಂದ, ಶಾಲೆಯ ಮೇಷ್ಟ್ರಿಂದ, ಭಾಷಣಗಳಿಂದ ಆ ಗ್ರಂಥಸ್ಥ ಕನ್ನಡ ಕಿವಿಗೆ ಬಿದ್ದಿರುತ್ತದೆ. ನಮ್ಮ ಮಗುವಿಗೆ ಅದು ಐದನೆಯ ಭಾಷೆ. ಇದಕ್ಕೆ ನಾವು ಕಂಡುಕೊಂಡ ಮದ್ದು ಒಂದೇ: ಮಗು ಓದುವ ಬಹಳ ಮೊದಲಿನಿಂದಲೇ ನಾವು ಗಟ್ಟಿಯಾಗಿ ಓದುವುದು. ಪುಸ್ತಕದಲ್ಲಿ ಇದ್ದಂತೆಯೇ ಒಮ್ಮೆ ಓದುವುದು, ಆಮೇಲೆ ಅದೇ ಪುಟವನ್ನು ಅಜ್ಜಿ ತಮ್ಮ ಮಾತಿನಲ್ಲಿ ಹೇಳುವುದು.

ಗಟ್ಟಿಯಾಗಿ ಓದುವುದಕ್ಕೂ ಒಂದು ರೀತಿಯಿದೆ. 1988ರಲ್ಲಿ ಅಮೆರಿಕದ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಎರಡು-ಮೂರು ವರ್ಷದ ಮಕ್ಕಳ ತಂದೆತಾಯಿಗಳಿಗೆ, ಚಿತ್ರಪುಸ್ತಕ ಓದುವಾಗ ಮಗುವನ್ನು ಕೇಳುಗನಾಗಿ ಕೂರಿಸದೆ ಹೇಳುಗನನ್ನಾಗಿ ಮಾಡಿ, ಹೌದು-ಅಲ್ಲಗಳಲ್ಲಿ ಮುಗಿಯದ ಪ್ರಶ್ನೆ ಕೇಳಿ ಎಂದು ಕಲಿಸಿಕೊಟ್ಟರು. ಒಂದು ತಿಂಗಳಲ್ಲಿ ಆ ಮಕ್ಕಳ ಮಾತು ಉಳಿದವರಿಗಿಂತ ಮುಂದೆ ಹೋಗಿತ್ತು. ಇದನ್ನು ಅಜ್ಜಿಗೆ ವಿವರಿಸಿ ಹೇಳಲು ಹೋದೆವು. ಅವರು ನಾಲ್ಕನೆಯ ಇಯತ್ತೆಯವರೆಗೆ ಓದಿದವರು. ಪೂರ್ತಿ ಕೇಳಿ, “ಕತಿ ಹೇಳೂ ಮುಂದ ಹೂಂ ಅನ್ನಾಕ ಹೇಳ್ತೀವಲ್ಲ, ಹಂಗ?” ಎಂದರು. ಹಾಗೆಯೇ. ಹೂಂಗುಟ್ಟದ ಮಗುವಿಗೆ ನಮ್ಮ ಅಜ್ಜಿಯರು ಕಥೆಯನ್ನೇ ನಿಲ್ಲಿಸುತ್ತಿದ್ದರು. “ಮುಂದ ಏನಾತು, ನೀನ ಹೇಳು” ಎನ್ನುತ್ತಿದ್ದರು.

ಪುಸ್ತಕಗಳಿಗೆ ಬರವಿಲ್ಲ, ಹುಡುಕುವ ತಾಳ್ಮೆ ಬೇಕು. ಪಂಜೆಯವರು, ರಾಜರತ್ನಂ ಅವರು ಮಕ್ಕಳ ಬಾಯಿಗೆ ಒಗ್ಗುವ ಕನ್ನಡವನ್ನು ಬರೆದಿಟ್ಟು ಹೋಗಿದ್ದಾರೆ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದ ಪುಸ್ತಕಗಳು ಅಗ್ಗ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಒಂದೇ ಕಥೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಪುಕ್ಕಟೆ ಸಿಗುತ್ತದೆ. ಎರಡನ್ನೂ ಮುದ್ರಿಸಿ ಪಕ್ಕಪಕ್ಕದಲ್ಲಿಟ್ಟರೆ ನಮ್ಮಂಥ ಮನೆಗೆ ಅದಕ್ಕಿಂತ ಒಳ್ಳೆಯ ವಾಚಕವಿಲ್ಲ. ಇದೇನೂ ಹೊಸತಲ್ಲ. 1947ರಲ್ಲಿ ಮದರಾಸಿನಿಂದ ತೆಲುಗು, ತಮಿಳಿನಲ್ಲಿ ಹೊರಟ ಚಂದಮಾಮ 1949ರಲ್ಲಿ ಕನ್ನಡಕ್ಕೂ ಬಂತು. ನಮ್ಮ ಹಿಂದಿನ ತಲೆಮಾರಿನ ಧಾರವಾಡದ ಹುಡುಗನೂ ವಾರಂಗಲ್ಲಿನ ಹುಡುಗನೂ ಒಂದೇ ಬೇತಾಳನಿಗೆ ಹೆದರಿದವರು.

ನಮ್ಮ ವಸತಿ ಸಮುಚ್ಚಯದಲ್ಲಿ ನಾಲ್ಕು ಕನ್ನಡ ಮನೆಗಳಿವೆ. ಭಾನುವಾರ ಸಂಜೆ ಯಾರದಾದರೂ ಮನೆಯಲ್ಲಿ ಮಕ್ಕಳು ಕೂಡಿ ಓದುವುದನ್ನು ಎರಡು ವರ್ಷದಿಂದ ನಡೆಸಿಕೊಂಡು ಬಂದಿದ್ದೇವೆ. ಅವರಲ್ಲಿ ಒಬ್ಬ ತಂದೆ ಮೊದಮೊದಲು ಮಗಳನ್ನು ಬಾಗಿಲವರೆಗೆ ಬಿಟ್ಟು ಹೊರಟುಬಿಡುತ್ತಿದ್ದರು. ಒಳಗೆ ಬನ್ನಿರೆಂದರೆ ಏನೋ ಕೆಲಸದ ನೆವ. ಒಂದು ದಿನ ಚಹಾ ಕುಡಿಯುವಾಗ ತಗ್ಗಿದ ದನಿಯಲ್ಲಿ ಹೇಳಿದರು: ಅವರು ಹುಟ್ಟಿ ಬೆಳೆದದ್ದೇ ಹೈದರಾಬಾದಿನಲ್ಲಿ, ತಂದೆ ಬೀದರ ಕಡೆಯವರು, ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿದವರು. ಮಗನಿಗೆ ಕನ್ನಡ ಅಕ್ಷರ ಹೇಳಿಕೊಡುವವರು ಯಾರೂ ಇರಲಿಲ್ಲ. ಮನೆಯಲ್ಲಿ ಮೂರು ತಲೆಮಾರು ಕನ್ನಡ ಮಾತಾಡಿದೆ, ಎರಡು ತಲೆಮಾರು ಕನ್ನಡ ಓದಿಲ್ಲ. “ನನಗೇ ಓದಕ್ಕೆ ಬರಲ್ಲ ಸಾರ್, ಅವಳ ಪಕ್ಕ ಕೂತು ನಾನೇನು ಮಾಡ್ಲಿ?” ಐವತ್ತು ಜನ ಕೈಕೆಳಗಿರುವ ಅಧಿಕಾರಿ ಅವರು. ಆ ಪ್ರಶ್ನೆ ಕೇಳುವಾಗ ಅವರ ಕಣ್ಣು ಲೋಟದ ಮೇಲಿತ್ತು.

ನಮ್ಮಲ್ಲಿದ್ದ ಉತ್ತರ ಸುಲಭದ್ದು: ಅವರಿಗೆ ತೆಲುಗು ಚೆನ್ನಾಗಿ ಓದಲು ಬರುತ್ತದೆ, ಕನ್ನಡ ಮಾತು ಬರುತ್ತದೆ, ನಡುವೆ ಇರುವುದು ತಲೆಕಟ್ಟಿನ ಅಂತರ. ಹೇಳಿದ್ದು ಅಷ್ಟು ಸುಲಭವಾಗಿ ನಡೆಯಲಿಲ್ಲ. ದೊಡ್ಡವರಿಗೆ ಎಡವಿ ಓದುವುದಕ್ಕೆ ನಾಚಿಕೆ. ಮಕ್ಕಳ ಎದುರಿಗಂತೂ ಇನ್ನೂ ಹೆಚ್ಚು. ಕೊನೆಗೆ ಕೆಲಸ ಕೆಡದಂತೆ ನೋಡಿಕೊಂಡವಳು ಅವರ ಮಗಳೇ. ಶಾಲೆಯಾಟದಲ್ಲಿ ಅವಳು ಟೀಚರು, ಅಪ್ಪ ವಿದ್ಯಾರ್ಥಿ. ಅವಳು ಇವತ್ತು ಕಲಿತ ಅಕ್ಷರವನ್ನು ನಾಳೆ ಅವರಿಗೆ ಕಲಿಸುತ್ತಿದ್ದಳು. ಅವರಿಗೆ ಅವಳಿಗಿಂತ ಬೇಗ ಬಂತು, ಆದರೆ ಅವರು ಅದನ್ನು ತೋರಿಸಲಿಲ್ಲ. ತಿಂಗಳುಗಟ್ಟಲೆ ಮಗಳ ಹಿಂದೆ ಒಂದು ಹೆಜ್ಜೆ ಉಳಿದು ತಪ್ಪು ಓದಿದರು. ಹೋದ ಯುಗಾದಿಗೆ ಪಂಚಾಂಗವನ್ನು ಅವರು ಓದಿದರು, ಮಗಳು ತಿದ್ದಿದಳು. ತಿದ್ದಿದ ಎರಡು ಕಡೆಗಳಲ್ಲಿ ಒಂದರಲ್ಲಿ ಅವರ ಓದೇ ಸರಿಯಿತ್ತು. ಓದು ಬಾರದ ತಂದೆತಾಯಿಗಳು ಮಗುವಿಗೆ ಓದು ಕಲಿಸಲಾರರು ಎನ್ನುವವರಿಗೆ ಈ ಮನೆಯನ್ನು ತೋರಿಸಬೇಕೆನಿಸುತ್ತದೆ.

ಬರವಣಿಗೆಯ ವಿಷಯದಲ್ಲಿ ಮಾತ್ರ ನಾವು ಸೋಮಾರಿಗಳು, ಅದೂ ಬೇಕೆಂದೇ. ನಾಲ್ಕು ವರ್ಷದ ಕೈಗೆ ಪೆನ್ಸಿಲ್ ಕೊಟ್ಟು ಒಂದೇ ಅಕ್ಷರವನ್ನು ಪುಟ ತುಂಬ ತಿದ್ದಿಸುವುದು ಶಿಕ್ಷೆಯ ರೂಪ, ಕಲಿಕೆಯದಲ್ಲ. ಬೆರಳು ಬಲಿಯಲಿ ಎಂದು ಅವರೆಕಾಳು ಸುಲಿಸಿದೆವು, ರೊಟ್ಟಿಯ ಹಿಟ್ಟು ನಾದಿಸಿದೆವು, ಅಜ್ಜಿ ರಂಗೋಲಿಯ ಚುಕ್ಕಿ ಇಡಿಸಿದರು. ಮಗನು ಬರೆದ ಮೊದಲ ಅಕ್ಷರ ಅಡುಗೆಮನೆಯ ಕಟ್ಟೆಯ ಮೇಲೆ, ಜೋಳದ ಹಿಟ್ಟಿನಲ್ಲಿ. ಅದು ‘ರ’ವೋ ‘ಠ’ವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಅಜ್ಜಿ ವರ್ಷದಲ್ಲಿ ನಾಲ್ಕು ತಿಂಗಳು ನಮ್ಮಲ್ಲಿ, ಉಳಿದಂತೆ ಧಾರವಾಡದಲ್ಲಿ. ಅಲ್ಲಿರುವಾಗ ವಾರಕ್ಕೊಂದು ಕಾರ್ಡು ಹಾಕುತ್ತಾರೆ, ಐವತ್ತು ಪೈಸೆಯ ಅಂಚೆ ಕಾರ್ಡು. ಫೋನಿನಲ್ಲಿ ಮಾತಾಡಿದ ಮೇಲೂ ಕಾರ್ಡು ಬರುತ್ತದೆ. ಮಗಳು ಆರು ವರ್ಷದವಳಿದ್ದಾಗ ಬಂದ ಮೊದಲನೆಯದರಲ್ಲಿ ಇದ್ದದ್ದು ದೊಡ್ಡ ಅಕ್ಷರದ ನಾಲ್ಕು ಪದ: ಮನೆಯ ಬೆಕ್ಕು ಮರಿ ಹಾಕಿತು. ಅದನ್ನು ಓದಲು ಅವಳಿಗೆ ಒಂದು ಸಂಜೆ ಹಿಡಿಯಿತು. ‘ಬೆಕ್ಕು’ ಎಂದು ತಿಳಿದ ಕ್ಷಣ ಅವಳು ಕೂಗಿದ ಕೂಗಿಗೆ ಕೆಳಗಿನ ಮನೆಯವರು ಬಂದು ವಿಚಾರಿಸಿದರು. ನಾಲ್ಕು ಭಾಷೆಗಳ ವಾಚಕಗಳಲ್ಲಿ ಅವಳು ಎಷ್ಟೋ ಬೆಕ್ಕುಗಳನ್ನು ಓದಿದ್ದಳು, ಆದರೆ ಅವಳಿಗೆಂದೇ ಯಾರೋ ಬರೆದ ಬೆಕ್ಕು ಅದೊಂದೇ. ಆಮೇಲಿನ ಕಾರ್ಡುಗಳಲ್ಲಿ ಅಕ್ಷರ ಸಣ್ಣದಾಗಿ, ಸುದ್ದಿ ದೊಡ್ಡದಾಯಿತು. ಪುಸ್ತಕದ ಕನ್ನಡವಲ್ಲ, ಅಜ್ಜಿಯದೇ ಕನ್ನಡ, ‘ಬ್ಯಾಸಗಿ ಭಾಳ ಐತಿ’ ಎಂಬಂಥದು; ಗ್ರಂಥಸ್ಥ ಭಾಷೆ ಬಾರದ ಅಜ್ಜಿ ಮಗಳಿಗೆ ಆಡಿದಂತೆಯೂ ಬರೆಯಬಹುದೆಂದು ತೋರಿಸಿಕೊಟ್ಟರು.

ಕಳೆದ ವರ್ಷದಿಂದ ಆ ಕಾರ್ಡುಗಳಲ್ಲಿ ಅಕ್ಷರ ಮತ್ತೆ ದೊಡ್ಡದಾಗುತ್ತಿದೆ. ಒಂದು ಕಣ್ಣಿನ ಪೊರೆ ತೆಗೆಸಿದ್ದಾಗಿದೆ, ಇನ್ನೊಂದು ಕಣ್ಣಿಗೆ ಬೇರೆ ತೊಂದರೆ, ಕೈಯೂ ನಡುಗುತ್ತದೆ. ಒತ್ತುಗಳು ತಮ್ಮ ಅಕ್ಷರವನ್ನು ಬಿಟ್ಟು ಪಕ್ಕದ ಅಕ್ಷರದ ಕೆಳಗೆ ಬೀಳುತ್ತವೆ. ನಾವಿಬ್ಬರೂ ಓದಲಾರದ ಸಾಲನ್ನು ಮಗಳು ಓದುತ್ತಾಳೆ. ಸ್ಥಳ ತಪ್ಪಿದ ಒತ್ತನ್ನು ಎತ್ತಿ ಅದರ ಜಾಗಕ್ಕೆ ಸೇರಿಸಿ ಓದುವುದು ಅರ್ಕಾವೊತ್ತಿನ ಮನೆಯವಳಿಗೆ ಕಷ್ಟವಲ್ಲ. ಈಗ ಉತ್ತರವೂ ಅವಳದೇ. ಅಜ್ಜಿಗೆ ಕಾಣಲೆಂದು ಒಂದು ಕಾರ್ಡಿನಲ್ಲಿ ಮೂರೇ ಸಾಲು, ಕಪ್ಪು ಸ್ಕೆಚ್ ಪೆನ್ನಿನಲ್ಲಿ. ಮಗನಿಗೆ ಕೊನೆಯಲ್ಲಿ ಸಹಿ ಹಾಕುವ ಹಕ್ಕಿದೆ. ಅವನ ಹೆಸರಿನಲ್ಲಿ ಒತ್ತಕ್ಷರವಿಲ್ಲ, ಆದರೂ ಅಕ್ಕನ ಹೆಸರಿನಲ್ಲಿರುವುದನ್ನು ನೋಡಿ ತನ್ನದರ ಕೆಳಗೂ ಒಂದನ್ನು ಸೇರಿಸುತ್ತಾನೆ. ಕಳೆದ ವಾರದ ಕಾರ್ಡಿನಲ್ಲಿ ಅದು ನ-ಒತ್ತು. ಅಜ್ಜಿ ಫೋನು ಮಾಡಿ, ಅವನನ್ನು ಆ ಹೊಸ ಹೆಸರಿನಿಂದಲೇ ಕರೆದರು.